ವೃತ್ತಿರಂಗ ಮತ್ತು ಪೇಟೆ: ಗುಬ್ಬಿ ವೀರಣ್ಣನವರ ವ್ಯವಹಾರ ಜೀವನ

1

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯಲ್ಲಿ ಗುಬ್ಬಿ ವೀರಣ್ಣನವರ (1891–1972) ಸ್ಥಾನದ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಸ್ಥಾನ ಯಾವ ಬಗೆಯದು ಎಂಬ ವಿಚಾರದಲ್ಲಿ ಎರಡು ಧೋರಣೆಗಳು ಬಹುಕಾಲದಿಂದ ಜೊತೆಜೊತೆಗೆ ಸಾಗಿಬಂದಿವೆ. ಅವರನ್ನು ಮಹಾನಟನೆಂದೂ ಕಲಾಪೋಷಕನೆಂದೂ ಗೌರವಿಸುವ ಧೋರಣೆ ಒಂದು. ರಂಗದ ಮೇಲೆ ಆನೆ ಕುದುರೆಗಳನ್ನು ತಂದು ಜನರನ್ನು ಬೆರಗುಗೊಳಿಸಿದ ಜಾಣ ವ್ಯಾಪಾರಿ ಎಂದು ಪರಿಗಣಿಸುವ ಧೋರಣೆ ಮತ್ತೊಂದು. ಮೊದಲನೆಯದು ಅವರ ವ್ಯವಹಾರವನ್ನು ಮರೆಯುತ್ತದೆ; ಎರಡನೆಯದು ಅದನ್ನೇ ದೋಷವೆಂದು ಎಣಿಸುತ್ತದೆ. ಕಲೆಗೂ ಪೇಟೆಗೂ ಸಲ್ಲದು ಎಂಬ ಗ್ರಹಿಕೆ ಎರಡಕ್ಕೂ ಸಮಾನವಾದುದು.

ವೀರಣ್ಣನವರ ಬದುಕಾದರೋ ಈ ಗ್ರಹಿಕೆಗೆ ಒಗ್ಗುವುದಿಲ್ಲ. ವೃತ್ತಿ ಎಂಬ ಪದಕ್ಕೆ ಜೀವನೋಪಾಯ ಎಂಬ ಅರ್ಥವೂ ಇದೆ. ವೃತ್ತಿರಂಗಭೂಮಿ ಎಂದರೆ ಟಿಕೆಟ್ಟಿನ ಹಣದಿಂದಲೇ ನಟರು, ಹಾಡುಗಾರರು, ಪರದೆ ಬರೆಯುವವರು, ಅಡುಗೆಯವರು ಎಲ್ಲರೂ ಅನ್ನ ಕಾಣಬೇಕಾದ ರಂಗಭೂಮಿ. ಅಲ್ಲಿ ಜನ ಬಾರದ ರಾತ್ರಿ ಎಂಬುದು ಬರಿಯ ಕಲಾತ್ಮಕ ಸೋಲಲ್ಲ, ಮರುದಿನದ ಒಲೆಯ ಪ್ರಶ್ನೆ. ವೀರಣ್ಣನವರು ತಮ್ಮ ಆತ್ಮಕಥನಕ್ಕೆ ಕಲೆಯೇ ಕಾಯಕ ಎಂಬ ಹೆಸರನ್ನು ಇಟ್ಟುಕೊಂಡರು. ವಚನಕಾರರ ಪರಿಭಾಷೆಯಿಂದ ಬಂದ ಕಾಯಕ ಎಂಬ ಆ ಮಾತಿನಲ್ಲಿ ದುಡಿಮೆ, ಸಂಪಾದನೆ, ಪೂಜೆ ಮೂರೂ ಒಂದೇ. ಹಳೆಯ ಮೈಸೂರು ಸೀಮೆಯ ಪ್ರಮುಖ ವಾಣಿಜ್ಯ ನಗರವಾದ ಬೆಂಗಳೂರಿನಲ್ಲಿ ಈ ಕಾಯಕ ಹೇಗೆ ನಡೆಯಿತು, ಜನಸಂಪರ್ಕ ಎಂಬುದು ಅದರಲ್ಲಿ ಯಾವ ರೂಪ ತಾಳಿತು, ಅದಕ್ಕೆ ತೆತ್ತ ಬೆಲೆಯೇನು ಎಂಬುದರ ಮೂಲಕ ವೀರಣ್ಣನವರ ಜೀವನವನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

2

ತುಮಕೂರು ಜಿಲ್ಲೆಯ ಗುಬ್ಬಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಮಲ್ಲಣಾರ್ಯನ ಊರಾಗಿ ಪರಿಚಿತ. ಭಾವಚಿಂತಾರತ್ನ, ವೀರಶೈವಾಮೃತ ಪುರಾಣಗಳ ಕರ್ತೃವಾದ ಆ ಕವಿಯ ನಂತರದ ಶತಮಾನಗಳಲ್ಲಿ ಊರು ಹೆಸರಾದದ್ದು ಸಂತೆಯಿಂದ. ಅಡಿಕೆ, ಕೊಬ್ಬರಿ, ಬಟ್ಟೆಗಳ ವಹಿವಾಟು ನಡೆಯುತ್ತಿದ್ದ, ಮಲೆನಾಡಿನ ಸರಕಿಗೂ ಬಯಲುಸೀಮೆಯ ಸರಕಿಗೂ ಕೂಡುದಾಣವಾಗಿದ್ದ ಊರು ಅದು. ಹತ್ತು ಊರಿನ ಜನ ಬಂದು ಹೋಗುವ ಇಂತಹ ಸ್ಥಳದಲ್ಲಿ ಮಾತಿಗೆ, ಮುಖಪರಿಚಯಕ್ಕೆ, ಸಾಲದ ನಂಬಿಕೆಗೆ ಸರಕಿನಷ್ಟೇ ಬೆಲೆಯಿರುತ್ತದೆ.

ಈ ಊರಿನಲ್ಲಿ 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದ ಸ್ಥಳೀಯ ಉತ್ಸಾಹಿಗಳು ಸೇರಿ ನಾಟಕ ಮಂಡಳಿಯೊಂದನ್ನು ಕಟ್ಟಿದರು. ಊರಿನ ಆರಾಧ್ಯ ದೈವದ ಹೆಸರಿನಲ್ಲಿ ಅದು ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಎನಿಸಿತು. ಆ ಕಾಲದ ರಂಗಸಂದರ್ಭವನ್ನು ಇಲ್ಲಿ ನೆನೆಯಬೇಕು. 1881ರಲ್ಲಿ ಸಂಸ್ಥಾನದ ಆಡಳಿತ ಮರಳಿ ಒಡೆಯರ ಕೈಸೇರಿದ ನಂತರ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದ ನಾಟಕಸಭೆ ತಲೆಯೆತ್ತಿತ್ತು. ಬಸವಪ್ಪಶಾಸ್ತ್ರಿಗಳ ಶಾಕುಂತಲ ಕನ್ನಡ ರಂಗಕ್ಕೆ ಹೊಸ ಮರ್ಯಾದೆ ತಂದಿತ್ತು. ಮುಂಬಯಿಯ ಕಡೆಯಿಂದ ಬರುತ್ತಿದ್ದ ಪಾರ್ಸಿ ಕಂಪನಿಗಳು ಬಣ್ಣದ ಪರದೆ, ಸೀನು ಸೀನರಿಗಳ ಬೆರಗನ್ನು ತೋರಿಸಿದ್ದವು. ಅರಮನೆಯ ಕಂಪನಿಗೆ ಬೊಕ್ಕಸದ ಆಸರೆಯಿತ್ತು. ಗುಬ್ಬಿಯ ಮಂಡಳಿಗೆ ಇದ್ದ ಆಸರೆ ಟಿಕೆಟ್ಟು ಮಾತ್ರ. ಈ ವ್ಯತ್ಯಾಸ ಆ ಕಂಪನಿಯ ಸ್ವಭಾವವನ್ನು ಆರಂಭದಿಂದಲೇ ನಿರ್ಧರಿಸಿತು.

1891ರಲ್ಲಿ ಜನಿಸಿದ ವೀರಣ್ಣನವರು ಬಾಲನಟರಾಗಿ ಈ ಕಂಪನಿಯನ್ನು ಸೇರಿದರು. ಶಾಲೆಯ ವಿದ್ಯೆಗಿಂತ ಹೆಚ್ಚಾಗಿ ಕಂಪನಿಯ ಬದುಕೇ ಅವರ ಪಾಠಶಾಲೆಯಾಯಿತು. ಊರೂರು ತಿರುಗುವ ಮಂಡಳಿಯಲ್ಲಿ ಬೆಳೆದ ಹುಡುಗ ಪಾತ್ರ, ಹಾಡು, ತಾಳಗಳ ಜೊತೆಗೆ ಮತ್ತೊಂದು ವಿದ್ಯೆಯನ್ನೂ ಕಲಿಯುತ್ತಾನೆ. ಯಾವ ಊರಿನ ಜನ ಯಾವುದಕ್ಕೆ ನಗುತ್ತಾರೆ, ಸುಗ್ಗಿ ಮುಗಿದ ಮೇಲೆ ಎಲ್ಲಿ ಕೈಯಲ್ಲಿ ಕಾಸು ಆಡುತ್ತದೆ, ಮಳೆ ಹಿಡಿದರೆ ಎಷ್ಟು ದಿನ ಸಾಲದಲ್ಲಿ ತಳ್ಳಬೇಕಾಗುತ್ತದೆ ಎಂಬುದೇ ಆ ವಿದ್ಯೆ. ಮುಂದೆ ಒಡೆಯರಾದ ಬಳಿಕ ವೀರಣ್ಣನವರು ತೋರಿದ ವ್ಯವಹಾರ ಕುಶಲತೆಯ ಬೇರು ಇಲ್ಲಿದೆ.

3

ಗುಬ್ಬಿಯಿಂದ ಬೆಂಗಳೂರಿಗೆ ಹೋಗುವ ದಾರಿಯನ್ನು ವೀರಣ್ಣನವರಿಗಿಂತ ಮೊದಲೇ ಆ ಊರಿನ ವರ್ತಕರು ಸವೆಸಿದ್ದರು. ಅವರಲ್ಲಿ ಅಗ್ರಗಣ್ಯರು ಗುಬ್ಬಿ ತೋಟದಪ್ಪನವರು (1838–1910). ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ನಡೆಸಿ ಗಳಿಸಿದ ಸಂಪತ್ತನ್ನು ಮಕ್ಕಳಿಲ್ಲದ ಆ ವರ್ತಕರು ಧರ್ಮಕಾರ್ಯಕ್ಕೆ ಮುಡಿಪಾಗಿಟ್ಟರು. ರೈಲ್ವೆ ನಿಲ್ದಾಣದ ಎದುರು ಅವರು ಕಟ್ಟಿಸಿದ ಛತ್ರ 1903ರಲ್ಲಿ ಪ್ರಯಾಣಿಕರಿಗೆ ತೆರೆಯಿತು. ಅವರ ದತ್ತಿಯಿಂದ ವಿದ್ಯಾರ್ಥಿಗಳಿಗೂ ಆಶ್ರಯ ದೊರೆಯಿತು. ಪೇಟೆಯಲ್ಲಿ ಗಳಿಸಿದ್ದು ಪೇಟೆಯ ಜನರಿಗೇ ಮರಳಬೇಕು, ಹಾಗೆ ಮರಳಿಸಿದಾಗ ವರ್ತಕನ ಹೆಸರು ಅಂಗಡಿಯ ಬಾಗಿಲನ್ನು ದಾಟಿ ಬೆಳೆಯುತ್ತದೆ ಎಂಬುದಕ್ಕೆ ತೋಟದಪ್ಪನವರು ನಿದರ್ಶನ. ಜನಸಂಪರ್ಕ ಎಂಬ ಪದ ಚಲಾವಣೆಗೆ ಬರುವ ಮೊದಲು ಅದರ ದೇಶೀ ರೂಪ ದಾನಧರ್ಮದಲ್ಲಿಯೂ ನಡೆನುಡಿಯ ನಂಬಿಕೆಯಲ್ಲಿಯೂ ಇತ್ತು. ಅದೇ ಊರಿನಿಂದ ಬಂದ ನಾಟಕದ ಕಂಪನಿಗೆ ಈ ಮಾದರಿ ದೂರದ್ದಾಗಿರಲಿಲ್ಲ.

ಇಪ್ಪತ್ತನೆಯ ಶತಮಾನದ ಆದಿಭಾಗದ ಬೆಂಗಳೂರು ವಸ್ತುತಃ ಎರಡು ಊರು. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ಅರಳೇಪೇಟೆ, ತರಗುಪೇಟೆಗಳ ಹಳೆಯ ನಗರ ಮೈಸೂರು ಸಂಸ್ಥಾನದ ಆಡಳಿತದಲ್ಲಿತ್ತು. ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿತ್ತು. ಇವೆರಡೂ ಒಂದೇ ನಗರಪಾಲಿಕೆಯ ಅಡಿಯಲ್ಲಿ ಕೂಡಿದ್ದು 1949ರಲ್ಲಿ. ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷ್ ಪ್ರಬಲವಾಗಿದ್ದರೆ ಪೇಟೆಯಲ್ಲಿ ಕನ್ನಡದೊಡನೆ ತೆಲುಗು, ಉರ್ದು, ಮರಾಠಿ, ಮಾರ್ವಾಡಿಗಳು ಬೆರೆತಿದ್ದವು. ಬಟ್ಟೆಯ ಗಿರಣಿಗಳಿಂದಾಗಿ ಕೂಲಿಕಾರರ ವರ್ಗ, ಸರ್ಕಾರಿ ಕಚೇರಿಗಳಿಂದಾಗಿ ಗುಮಾಸ್ತರ ವರ್ಗ, ಕಾಲೇಜುಗಳಿಂದಾಗಿ ವಿದ್ಯಾರ್ಥಿಗಳ ವರ್ಗ ಬೆಳೆಯುತ್ತಿದ್ದವು. 1905ರಲ್ಲಿ ನಗರಕ್ಕೆ ವಿದ್ಯುದ್ದೀಪ ಬಂದಿತು. ರಾತ್ರಿಯ ಪೇಟೆ ಎಂಬ ಹೊಸ ಅವಕಾಶ ಅದರೊಡನೆ ಹುಟ್ಟಿತು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಈ ನಗರದಲ್ಲಿ ಒಂದರ ಬೆನ್ನಿಗೆ ಒಂದರಂತೆ ಸ್ಥಾಪನೆಗೊಂಡದ್ದು ಗಮನಾರ್ಹ. ಬಂಡವಾಳ, ಭಾಷೆ, ವಾಣಿಜ್ಯ ಮೂರೂ ಸಂಸ್ಥೆಗಳಾಗಿ ರೂಪುಗೊಳ್ಳುತ್ತಿದ್ದ ಕಾಲವದು.

ಇಂತಹ ನಗರ ನಾಟಕ ಕಂಪನಿಗೆ ಹಳ್ಳಿಯ ಮೊಕ್ಕಾಮಿಗಿಂತ ಭಿನ್ನವಾದ ಸವಾಲನ್ನು ಒಡ್ಡಿತು. ಸಣ್ಣ ಊರಿನಲ್ಲಿ ಕಂಪನಿ ಬರುವುದೇ ಒಂದು ಹಬ್ಬ. ನಗರದಲ್ಲಿ ಅದು ಹಲವು ಆಕರ್ಷಣೆಗಳಲ್ಲಿ ಒಂದು. ಎ.ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭೆ ಸಂಗೀತಕ್ಕೂ ಅಭಿನಯಕ್ಕೂ ಮಟ್ಟವನ್ನು ನಿಗದಿಪಡಿಸಿಬಿಟ್ಟಿತ್ತು. ಇಂಗ್ಲಿಷ್ ಬಲ್ಲ ನಗರವಾಸಿಗಳು 1909ರಲ್ಲಿ ಕಟ್ಟಿಕೊಂಡ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಹವ್ಯಾಸಿ ರಂಗದ ಅಭಿರುಚಿಯನ್ನು ಬೆಳೆಸುತ್ತಿತ್ತು; ಕೈಲಾಸಂ ಅವರ ನಾಟಕಗಳೊಡನೆ ಆ ಅಭಿರುಚಿ ಕಂಪನಿ ನಾಟಕಗಳ ಆಡಂಬರವನ್ನು ನಗೆಯಾಡುವಷ್ಟು ಆತ್ಮವಿಶ್ವಾಸ ಪಡೆಯಿತು. ಮೂಕಿ ಚಿತ್ರಗಳೂ ಬಂದಿದ್ದವು. ನಗರದ ಪ್ರೇಕ್ಷಕನಿಗೆ ಆಯ್ಕೆ ಇತ್ತು. ಆಯ್ಕೆಯಿದ್ದವನನ್ನು ಮತ್ತೆ ಮತ್ತೆ ಬರಮಾಡಿಕೊಳ್ಳುವುದೇ ಪೇಟೆಯ ವಿದ್ಯೆ.

ವರದಾಚಾರ್ಯರ ಬದುಕು ಈ ವಿದ್ಯೆಯ ಅಗತ್ಯವನ್ನು ಬೇರೊಂದು ಬಗೆಯಲ್ಲಿ ತೋರಿಸಿತು. ನಟರಾಗಿ ಅವರಿಗೆ ಸಾಟಿಯಿರಲಿಲ್ಲ. ಸತ್ಕಾರ್ಯಗಳ ಸಹಾಯಾರ್ಥ ನಾಟಕವಾಡಿ ಹಣ ಕೊಡುವುದರಲ್ಲಿಯೂ ಅವರು ಹಿಂದೆಗೆಯಲಿಲ್ಲ. ಆದರೆ ಆಯವ್ಯಯದ ಲೆಕ್ಕ ಅವರ ಔದಾರ್ಯಕ್ಕೆ ಹೊಂದಲಿಲ್ಲ. 1926ರಲ್ಲಿ ಅವರು ತೀರಿಕೊಂಡಾಗ ಕೀರ್ತಿ ಉಳಿದಿತ್ತು, ಸಾಲವೂ ಉಳಿದಿತ್ತು. ದೊಡ್ಡ ನಟನೊಬ್ಬನ ಸುತ್ತ ಕಟ್ಟಿದ ಕಂಪನಿ ಆ ನಟನೊಡನೆಯೇ ಮುಗಿಯುವ ಅಪಾಯವನ್ನು ಸಮಕಾಲೀನರು ಕಣ್ಣಾರೆ ಕಂಡರು. ವೀರಣ್ಣನವರ ಸಾಧನೆಯನ್ನು ಈ ಹಿನ್ನೆಲೆಯಲ್ಲಿಟ್ಟು ಅಳೆಯಬೇಕು.

4

1917ರಲ್ಲಿ ಕಂಪನಿಯ ಒಡೆತನ ವೀರಣ್ಣನವರಿಗೆ ಬಂದಿತು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ನಟನಾಗಿದ್ದವನು ಮಾಲೀಕನಾಗುವುದೆಂದರೆ ಪಾತ್ರ ಬದಲಾಯಿಸಿದಂತಲ್ಲ. ಎರಡು ಪಾತ್ರಗಳನ್ನು ಒಟ್ಟಿಗೇ ವಹಿಸಿದಂತೆ. ವೃತ್ತಿ ಕಂಪನಿಯ ಖರ್ಚಿನ ಬಾಬುಗಳನ್ನು ನೆನೆದರೆ ಇದರ ಭಾರ ತಿಳಿಯುತ್ತದೆ. ನಟರ ಸಂಬಳ, ಅವರ ಮತ್ತು ಅವರ ಸಂಸಾರಗಳ ಊಟ ವಸತಿ, ಪರದೆ, ಪೋಷಾಕು, ಆಭರಣ, ದೀಪ, ಮೊಕ್ಕಾಂ ಬದಲಾಯಿಸುವಾಗ ಸಾಮಾನು ಸಾಗಿಸುವ ರೈಲು ಬಾಡಿಗೆ, ತಗಡಿನ ಥಿಯೇಟರು ಎಬ್ಬಿಸುವ ಕೂಲಿ, ಪರವಾನಗಿ, ಕರಪತ್ರದ ಅಚ್ಚಿನ ಕೂಲಿ ಹೀಗೆ ಅವು ಬೆಳೆಯುತ್ತಾ ಹೋಗುತ್ತವೆ. ಇವೆಲ್ಲಕ್ಕೂ ಬರುವ ಆದಾಯ ಒಂದೇ ಕಿಂಡಿಯಿಂದ. ಅದು ಟಿಕೆಟ್ ಮಾರುವ ಕಿಂಡಿ.

ಆ ಕಿಂಡಿಯ ಮುಂದೆ ಸಮಾಜದ ಎಲ್ಲ ಸ್ತರಗಳೂ ನಿಲ್ಲುವಂತೆ ಮಾಡಿದ್ದು ಕಂಪನಿ ನಾಟಕದ ವ್ಯವಸ್ಥೆ. ನೆಲ, ಬೆಂಚು, ಕುರ್ಚಿ, ಸೋಫಾ ಎಂಬ ದರ್ಜೆಗಳು. ಹೆಂಗಸರಿಗೆ ಪ್ರತ್ಯೇಕ ಜಾಗ. ದರ್ಜೆಗಳು ಅಂತಸ್ತನ್ನು ಸೂಚಿಸುತ್ತಿದ್ದವು ಎಂಬುದು ನಿಜ. ಆದರೆ ದೇವಸ್ಥಾನದ ಒಳಗಾಗಲಿ ಹೋಟೆಲಿನ ಪಂಕ್ತಿಯಲ್ಲಾಗಲಿ ಒಟ್ಟಿಗೆ ಕೂರದ ಜನ ಒಂದೇ ಮಾಡಿನ ಅಡಿಯಲ್ಲಿ, ಒಂದೇ ಮಾತಿಗೆ, ಒಂದೇ ಕ್ಷಣದಲ್ಲಿ ನಗುತ್ತಿದ್ದುದು ಇಲ್ಲಿ. ಹುಟ್ಟಿನ ಬದಲು ಟಿಕೆಟ್ಟಿನ ಬೆಲೆ ಸ್ಥಾನವನ್ನು ನಿರ್ಧರಿಸುವ ಈ ಪದ್ಧತಿ ಪೇಟೆಯ ತರ್ಕದ್ದೇ ಹೌದು. ಆ ತರ್ಕಕ್ಕೆ ತನ್ನದೇ ಕ್ರೌರ್ಯವಿದ್ದಂತೆ ತನ್ನದೇ ಬಿಡುಗಡೆಯೂ ಇತ್ತು.

ಪ್ರಚಾರದ ಸಾಧನಗಳು ಸರಳವಾಗಿದ್ದವು. ಬೀದಿಯಲ್ಲಿ ವಾದ್ಯದೊಡನೆ ಸಾಗುವ ಬಂಡಿ, ಅದರ ಮೇಲಿನಿಂದ ಎರಚುವ ಬಣ್ಣದ ಕಾಗದದ ಕರಪತ್ರ, ಗೋಡೆಗೆ ಹಚ್ಚಿದ ಚಿತ್ರ, ನಾಟಕದ ಹಾಡುಗಳ ಸಣ್ಣ ಪುಸ್ತಕ. ಕರಪತ್ರ ಮತ್ತು ಹಾಡಿನ ಪುಸ್ತಕಗಳ ಭಾಷೆಯನ್ನು ಸಾಹಿತ್ಯ ಚರಿತ್ರೆ ಗಂಭೀರವಾಗಿ ಪರಿಗಣಿಸಿಲ್ಲ. ಓದು ಬಲ್ಲವರು ಕಡಿಮೆಯಿದ್ದ ಬೀದಿಯಲ್ಲಿ ಒಬ್ಬ ಓದಿ ಹತ್ತು ಜನ ಕೇಳುವಂತೆ ರಚಿತವಾಗುತ್ತಿದ್ದ ಆ ಗದ್ಯ ಕನ್ನಡದ ಜಾಹೀರಾತು ಗದ್ಯದ ಆರಂಭದ ರೂಪಗಳಲ್ಲಿ ಒಂದು. ಹಾಡಿನ ಪುಸ್ತಕವಂತೂ ನಾಟಕ ಮುಗಿದ ಮೇಲೆಯೂ ಮನೆಯಲ್ಲಿ ಉಳಿದು, ಹೆಂಗಸರ ಕಂಠದಲ್ಲಿ ನೆಲೆಸಿ, ಮುಂದಿನ ಪ್ರದರ್ಶನಕ್ಕೆ ತಾನಾಗಿ ಕರೆ ಕೊಡುತ್ತಿತ್ತು.

ಇವೆಲ್ಲಕ್ಕಿಂತ ದೊಡ್ಡ ಪ್ರಚಾರ ಸಾಧನವೆಂದರೆ ವೀರಣ್ಣನವರ ಹಾಸ್ಯ. ಅವರು ರಾಜಪಾತ್ರಗಳಿಂದ ಹೆಸರಾದವರಲ್ಲ. ಬೆಳ್ಳಾವೆ ನರಹರಿಶಾಸ್ತ್ರಿಗಳ ಸದಾರಮೆ ನಾಟಕದಲ್ಲಿ ವರ್ತಕನ ಮಗ ಆದಿಮೂರ್ತಿಯಾಗಿ, ಕಳ್ಳನಾಗಿ ಅವರು ಜನಮನದಲ್ಲಿ ನಿಂತರು. ವ್ಯಾಪಾರಿಯ ಮನೆಯ ಪೆದ್ದುತನವನ್ನೂ ಕಳ್ಳನ ಜಾಣತನವನ್ನೂ ಒಬ್ಬನೇ ನಟ ತೋರಿಸುವುದರಲ್ಲಿ ಪೇಟೆಯ ಪ್ರೇಕ್ಷಕರಿಗೆ ವಿಶೇಷ ಸ್ವಾರಸ್ಯವಿತ್ತು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ದಿನವಿಡೀ ಕೂತು ಬಂದವನು ರಾತ್ರಿ ರಂಗದ ಮೇಲೆ ತನ್ನನ್ನೇ ಕಂಡು ನಗಬಹುದಾಗಿತ್ತು. ಹಾಸ್ಯಪಾತ್ರಕ್ಕೆ ಬರೆದ ಮಾತಿನಾಚೆ ಹೋಗುವ ಸ್ವಾತಂತ್ರ್ಯವಿರುವುದರಿಂದ ಆಯಾ ಊರಿನ, ಆಯಾ ದಿನದ ಸಂಗತಿಗಳು ನಾಟಕದೊಳಗೆ ನುಸುಳುತ್ತಿದ್ದವು. ಮಾಲೀಕನೇ ವಿದೂಷಕನಾಗಿ ಜನರೆದುರು ನಿಂತು ನಗೆಗೆ ಗುರಿಯಾಗುವುದು ವ್ಯವಹಾರದ ದೃಷ್ಟಿಯಿಂದಲೂ ಅಸಾಮಾನ್ಯ ಸಂಗತಿ. ಟಿಕೆಟ್ಟಿನ ಹಣ ಪಡೆಯುವವನು ಯಾರು ಎಂಬುದನ್ನು ಪ್ರೇಕ್ಷಕರು ಬಲ್ಲವರಾಗಿದ್ದರು. ಅವನು ತಮ್ಮವನು ಎಂದೂ ಬಲ್ಲವರಾಗಿದ್ದರು.

5

ವೀರಣ್ಣನವರ ಜನಸಂಪರ್ಕ ಮೂರು ದಿಕ್ಕುಗಳಲ್ಲಿ ಹರಡಿಕೊಂಡಿತ್ತು. ಮೊದಲನೆಯದು ಅರಮನೆ ಮತ್ತು ಅಧಿಕಾರವರ್ಗ. ಮೈಸೂರು ಅರಮನೆಯ ಮನ್ನಣೆ ಕಂಪನಿಗೆ ದೊರೆಯಿತು. ವೀರಣ್ಣನವರು ಅರಮನೆಯ ಆಶ್ರಿತರಾಗಲಿಲ್ಲ. ಅದರ ಮನ್ನಣೆಯನ್ನು ಪೇಟೆಯಲ್ಲಿ ನಂಬಿಕೆಯ ಮುದ್ರೆಯಾಗಿ ಬಳಸಿದರು. ಆಶ್ರಯಕ್ಕೂ ಮನ್ನಣೆಗೂ ಇರುವ ಈ ಅಂತರ ಮುಖ್ಯವಾದುದು. ಆಶ್ರಯ ತಪ್ಪಿದರೆ ಕಲೆ ಕುಸಿಯುತ್ತದೆ. ಮನ್ನಣೆ ಮಾತ್ರ ಪಡೆದ ಕಲೆ ತನ್ನ ಕಾಲ ಮೇಲೆ ನಿಂತಿರುತ್ತದೆ. ಕರ್ನಾಟಕಾಂಧ್ರ ನಾಟಕ ಸಾರ್ವಭೌಮ ಎಂಬ ಬಿರುದು ಅವರ ಹೆಸರಿನೊಡನೆ ಸೇರಿಕೊಂಡಿತು. ಕಂಪನಿಯ ಸಂಚಾರ ಕನ್ನಡ ಸೀಮೆಯ ಆಚೆಗೂ ಹಬ್ಬಿತ್ತು ಎಂಬುದನ್ನು ಆ ಬಿರುದೇ ಸೂಚಿಸುತ್ತದೆ.

ಎರಡನೆಯದು ಊರಿನ ಗಣ್ಯರು ಮತ್ತು ಸಾರ್ವಜನಿಕ ಸಂಸ್ಥೆಗಳು. ಶಾಲೆ, ಆಸ್ಪತ್ರೆ, ದೇವಾಲಯಗಳಿಗಾಗಿ ಸಹಾಯಾರ್ಥ ಪ್ರದರ್ಶನ ನೀಡುವುದು ವೃತ್ತಿ ಕಂಪನಿಗಳ ಸಾಮಾನ್ಯ ರೂಢಿ. ಊರಿನ ಹಿರಿಯರಿಗೆ ಇದರಿಂದ ನಿಧಿ ಕೂಡುತ್ತಿತ್ತು, ಕಂಪನಿಗೆ ಊರಿನ ಸದ್ಭಾವ ದೊರೆಯುತ್ತಿತ್ತು. ವರದಾಚಾರ್ಯರಲ್ಲಿ ಇದು ಕೈಮೀರಿದ ಔದಾರ್ಯವಾಯಿತು. ವೀರಣ್ಣನವರಲ್ಲಿ ಅದು ಕೊಡುಕೊಳ್ಳುವಿಕೆಯ ನೆಲೆಯಲ್ಲಿ ನಿಂತಿತು. ಇದನ್ನು ಜಿಪುಣತನವೆನ್ನಲಾಗದು. ನೂರಾರು ಜನರ ಅನ್ನದ ಹೊಣೆ ಹೊತ್ತವನಿಗೆ ತನ್ನ ಔದಾರ್ಯಕ್ಕೂ ಲೆಕ್ಕವಿಡಬೇಕಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಕಂಪನಿಯ ಒಳಗಿನ ಸಂಬಂಧಗಳು. ನಾಟಕದವರಿಗೆ ಮನೆ ಬಾಡಿಗೆಗೆ ಕೊಡಲು ಹಿಂಜರಿಯುತ್ತಿದ್ದ ಸಮಾಜದಲ್ಲಿ ಕಂಪನಿ ತಾನೇ ಒಂದು ಊರಾಗಬೇಕಿತ್ತು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸುವ ಪದ್ಧತಿಯನ್ನು ಬಳಕೆಗೆ ತಂದ ಕನ್ನಡ ಕಂಪನಿಗಳಲ್ಲಿ ಗುಬ್ಬಿ ಕಂಪನಿ ಪ್ರಮುಖವಾದುದು. ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಮೊದಲಾದ ನಟಿಯರು ಈ ರಂಗದಲ್ಲಿ ಬೆಳಗಿದರು. ಜಯಮ್ಮನವರು ವೀರಣ್ಣನವರ ಪತ್ನಿಯೂ ಆದರು. ನಟಿಯರ ಬರವು ಪ್ರೇಕ್ಷಕರನ್ನು ಸೆಳೆಯುವ ವ್ಯಾಪಾರ ತಂತ್ರವೂ ಆಗಿತ್ತು ಎಂಬುದನ್ನು ಮರೆಮಾಚಬೇಕಿಲ್ಲ. ಅದೇ ತಂತ್ರದಿಂದ ಹಾಡಿನ, ನಟನೆಯ ಶಕ್ತಿಯಿದ್ದ ಹೆಣ್ಣುಮಕ್ಕಳಿಗೆ ಸಂಬಳದ ವೃತ್ತಿಯೊಂದು ತೆರೆಯಿತು ಎಂಬುದನ್ನೂ ಮರೆಯುವಂತಿಲ್ಲ. ಆ ವೃತ್ತಿಗಾಗಿ ಅವರು ಸಮಾಜದಿಂದ ಕೇಳಬೇಕಾಗಿ ಬಂದ ಮಾತುಗಳ ಲೆಕ್ಕ ಮಾತ್ರ ಯಾವ ಕಂಪನಿಯ ಖಾತೆಯಲ್ಲಿಯೂ ಬರೆದಿಲ್ಲ.

6

1934ನೆಯ ವರ್ಷ ಬೆಂಗಳೂರಿನ ಮನರಂಜನೆಯ ಚರಿತ್ರೆಯಲ್ಲಿ ಒಂದು ಕವಲು. ಆ ವರ್ಷದ ಮಾರ್ಚ್ 3ರಂದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ಕನ್ನಡದ ಸತಿ ಸುಲೋಚನ ವಾಕ್ಚಿತ್ರ ತೆರೆಕಂಡಿತು. ಅದಕ್ಕೆ ಹಣ ಹೂಡಿದವರು ಬೆಂಗಳೂರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಮಾರ್ವಾಡಿ ವರ್ತಕ ಚಮನ್‌ಲಾಲ್ ಡೂಂಗಾಜಿ. ಅಭಿನಯಿಸಿದವರು ವೃತ್ತಿರಂಗದವರೇ ಆದ ಎಂ.ವಿ. ಸುಬ್ಬಯ್ಯನಾಯ್ಡು ಮತ್ತು ಆರ್. ನಾಗೇಂದ್ರರಾಯರು. ಸಾಹಿತ್ಯ ಒದಗಿಸಿದವರು ಸದಾರಮೆಯ ಬೆಳ್ಳಾವೆ ನರಹರಿಶಾಸ್ತ್ರಿಗಳು. ಪೇಟೆಯ ಬಂಡವಾಳ, ಕಂಪನಿಯ ನಟರು, ಕಂಪನಿಯ ಕವಿ, ಮಾರುಕಟ್ಟೆಯ ಬದಿಯ ಚಿತ್ರಮಂದಿರ ಎಲ್ಲವೂ ಒಂದೆಡೆ ಸೇರಿದ ಈ ಸಂದರ್ಭ ನಾಟಕ ಕಂಪನಿಗಳಿಗೆ ಕಾದಿದ್ದ ಪೈಪೋಟಿಯನ್ನು ಸ್ಪಷ್ಟಪಡಿಸಿತು. ಚಲನಚಿತ್ರ ಹೊರಗಿನಿಂದ ಬಂದ ಶತ್ರುವಾಗಿರಲಿಲ್ಲ. ನಾಟಕದ ಮನೆಯೊಳಗಿನಿಂದಲೇ ಹೊರಟ ದಾಯಾದಿಯಾಗಿತ್ತು.

ಅದೇ 1934ರಲ್ಲಿ ಗುಬ್ಬಿ ಕಂಪನಿ ಕುರುಕ್ಷೇತ್ರ ನಾಟಕವನ್ನು ರಂಗಕ್ಕೆ ತಂದಿತು. ಬಿ. ಪುಟ್ಟಸ್ವಾಮಯ್ಯನವರು ರಚಿಸಿದ ಈ ನಾಟಕದಲ್ಲಿ ಜೀವಂತ ಆನೆ ಕುದುರೆಗಳು, ರಥಗಳು ಪ್ರೇಕ್ಷಕರೆದುರು ಸಾಗಿದವು. ಹವ್ಯಾಸಿ ರಂಗದ ಅಭಿರುಚಿಗೆ ಇದು ಆಡಂಬರದ ಪರಾಕಾಷ್ಠೆಯಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಪೇಟೆಯ ದೃಷ್ಟಿಯಿಂದ ನೋಡಿದಾಗ ಇದರ ಅರ್ಥ ಬೇರೆ. ಬೆಳ್ಳಿತೆರೆ ಏನನ್ನು ಬೇಕಾದರೂ ತೋರಿಸಬಲ್ಲದು, ಆದರೆ ನೆರಳಾಗಿ ಮಾತ್ರ. ಪ್ರೇಕ್ಷಕನ ಎದುರಿಗೆ ಉಸಿರಾಡುವ ಆನೆಯನ್ನು ನಿಲ್ಲಿಸುವುದು ರಂಗಕ್ಕೆ ಮಾತ್ರ ಸಾಧ್ಯ. ಸಿನಿಮಾ ಕೊಡಲಾರದ ಸರಕನ್ನು ಕೊಡುವುದು ಪೈಪೋಟಿಯಲ್ಲಿ ಉಳಿಯುವ ದಾರಿಯೆಂದು ವೀರಣ್ಣನವರು ಬಗೆದರು. ಮೈಸೂರಿನ ದಸರಾ ಮೆರವಣಿಗೆಯಲ್ಲಿ ಅರಸರ ವೈಭವವಾಗಿದ್ದ ಆನೆ ಇಲ್ಲಿ ಟಿಕೆಟ್ಟು ಕೊಂಡ ಸಾಮಾನ್ಯನ ಕಣ್ಣಿಗೂ ದಕ್ಕಿತು ಎಂಬುದನ್ನು ಸಾಂಸ್ಕೃತಿಕ ಅಧ್ಯಯನದ ದೃಷ್ಟಿಯಿಂದ ಗಮನಿಸಬೇಕು.

ಈ ಅದ್ಧೂರಿಯ ಹಿಂದೆ ಲೇಖಕನ ಕೆಲಸವೂ ಇತ್ತು ಎಂಬುದನ್ನು ಹಲವು ವೇಳೆ ಮರೆಯಲಾಗುತ್ತದೆ. ಪುಟ್ಟಸ್ವಾಮಯ್ಯನವರು ಮುಂದೆ ಕಲ್ಯಾಣದ ಶರಣರ ಕಾಲವನ್ನು ಕುರಿತ ಕಾದಂಬರಿಮಾಲೆಯಿಂದ ಪ್ರಸಿದ್ಧರಾದರು. ಅದಕ್ಕೆ ಸೇರಿದ ಕ್ರಾಂತಿಕಲ್ಯಾಣಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ದೊಡ್ಡ ಜನಸಮೂಹದ ಮುಂದೆ ಮಾತನ್ನು ನಿಲ್ಲಿಸುವ ವಿದ್ಯೆಯನ್ನು ಅವರು ಕಂಪನಿಯ ರಂಗದಲ್ಲಿ ಪಳಗಿಸಿಕೊಂಡಿದ್ದರು. ಲೇಖಕನ ಬರೆಹಕ್ಕೆ ಹಣ ಕೊಡುವ ಸಂಸ್ಥೆಗಳು ವಿರಳವಾಗಿದ್ದ ಕಾಲದಲ್ಲಿ ನಾಟಕ ಕಂಪನಿ ಕನ್ನಡ ಬರೆಹಗಾರನಿಗೆ ಸಂಭಾವನೆ ನೀಡುವ ಉದ್ಯಮವಾಗಿತ್ತು. ನವೋದಯ ಕಾಲದ ಸಾಹಿತ್ಯದ ಆರ್ಥಿಕತೆಯನ್ನು ಕುರಿತು ಚರ್ಚಿಸುವಾಗ ಈ ಅಂಶವನ್ನು ಸೇರಿಸಿಕೊಳ್ಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ.

7

ಪೈಪೋಟಿಗಿಳಿದ ವೀರಣ್ಣನವರೇ ಸಿನಿಮಾವನ್ನು ಅಪ್ಪಿಕೊಂಡವರೂ ಹೌದು. 1930ರ ಆಸುಪಾಸಿನಲ್ಲಿಯೇ ಅವರು ಮೂಕಿ ಚಿತ್ರಗಳ ತಯಾರಿಕೆಗೆ ಕೈಹಾಕಿದ್ದರು, ಹರಿಮಾಯಾ ಅವುಗಳಲ್ಲೊಂದು. 1931ರಲ್ಲಿ ಭಾರತದಲ್ಲಿ ವಾಕ್ಚಿತ್ರ ಬಂದುದರಿಂದ ಮೂಕಿಯ ಮಾರುಕಟ್ಟೆ ಬೇಗನೆ ಕುಸಿಯಿತು. ಆದರೂ ಅವರು ಹಿಂದೆ ಸರಿಯಲಿಲ್ಲ. 1935ರಲ್ಲಿ ಸದಾರಮೆ ವಾಕ್ಚಿತ್ರವಾಗಿ ಬಂದಾಗ ರಂಗದ ಮೇಲಿನ ತಮ್ಮ ಹೆಸರಾಂತ ಹಾಸ್ಯವನ್ನು ತೆರೆಗೆ ತಂದರು. ಸುಭದ್ರಾ (1941), ಜೀವನ ನಾಟಕ (1942), ಹೇಮರೆಡ್ಡಿ ಮಲ್ಲಮ್ಮ (1946), ಗುಣಸಾಗರಿ (1953) ಚಿತ್ರಗಳಲ್ಲಿ ಗುಬ್ಬಿ ಕಂಪನಿಯ ನಂಟು ಮುಂದುವರಿಯಿತು. ಜೀವನ ನಾಟಕಕ್ಕೆ ಅ.ನ. ಕೃಷ್ಣರಾಯರಂತಹ ಕಾದಂಬರಿಕಾರರು ಬರೆದರು. 1954ರ ಬೇಡರ ಕಣ್ಣಪ್ಪ ಈ ಸರಣಿಯ ಶಿಖರ. ಗುಬ್ಬಿ ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ, ತಂದೆಯೊಡನೆ ಅದೇ ಕಂಪನಿಯಲ್ಲಿ ಬೆಳೆದ ಮುತ್ತುರಾಜ್, ಆ ಚಿತ್ರದಲ್ಲಿ ರಾಜ್‌ಕುಮಾರ್ ಆಗಿ ನಾಯಕಪಾತ್ರಕ್ಕೆ ಬಂದರು. ನರಸಿಂಹರಾಜು ಅವರಿಗೂ ತೆರೆಯ ಬಾಗಿಲು ತೆರೆದದ್ದು ಆ ಚಿತ್ರದಿಂದಲೇ.

ವೀರಣ್ಣನವರ ವ್ಯವಹಾರ ಜೀವನದ ದುರಂತದ ಎಳೆ ಈ ಯಶಸ್ಸಿನಲ್ಲಿಯೇ ಅಡಗಿದೆ. ಅವರು ಸಾಕಿ ಬೆಳೆಸಿದ ನಟರು, ಅವರು ರೂಢಿಸಿದ ಪ್ರೇಕ್ಷಕರು, ಅವರ ನಾಟಕಗಳ ಕಥೆಗಳು ಒಂದೊಂದಾಗಿ ಸಿನಿಮಾಕ್ಕೆ ಹೋದವು. ತೆರೆಯ ಮೇಲಿನ ನಟನಿಗೆ ಒಮ್ಮೆ ಸಂಬಳ ಕೊಟ್ಟರೆ ಚಿತ್ರ ನೂರು ಊರುಗಳಲ್ಲಿ ಏಕಕಾಲಕ್ಕೆ ಓಡುತ್ತದೆ. ನಾಟಕ ಕಂಪನಿಯಾದರೋ ಪ್ರತಿ ರಾತ್ರಿಯೂ ಪ್ರತಿಯೊಬ್ಬನಿಗೂ ಅನ್ನವಿಕ್ಕಬೇಕು. ಲೆಕ್ಕ ಬಲ್ಲ ವೀರಣ್ಣನವರಿಗೆ ಈ ಅಂತರ ತಿಳಿಯದ್ದಲ್ಲ. ತಿಳಿದೂ ಅವರು ಕಂಪನಿಯನ್ನು ಕೈಬಿಡಲಿಲ್ಲ. ಕೇವಲ ವ್ಯಾಪಾರಿಯಾಗಿದ್ದರೆ ನಷ್ಟದ ಅಂಗಡಿಯನ್ನು ಮುಚ್ಚಿ ಲಾಭದ ಅಂಗಡಿಯಲ್ಲಿ ಪೂರ್ತಿಯಾಗಿ ಕುಳಿತುಕೊಳ್ಳಬಹುದಿತ್ತು. ಅವರನ್ನು ವ್ಯಾಪಾರಿ ಎಂದಷ್ಟೇ ಕರೆಯುವ ವಿಮರ್ಶೆ ಉತ್ತರಿಸಬೇಕಾದ ಸಂಗತಿ ಇದು.

ಲೆಕ್ಕಕ್ಕೆ ಸಿಗದ ಮತ್ತೊಂದು ನಿದರ್ಶನ ಬಿ.ವಿ. ಕಾರಂತರದು. ಮನೆ ಬಿಟ್ಟು ಬಂದು ಕಂಪನಿ ಸೇರಿದ್ದ ಆ ಹುಡುಗನಲ್ಲಿ ಓದಿನ ಆಸೆಯನ್ನು ಕಂಡು ವೀರಣ್ಣನವರು ಉಚ್ಚ ಶಿಕ್ಷಣಕ್ಕಾಗಿ ಬನಾರಸಿಗೆ ಕಳಿಸಿದರು. ಕಂಪನಿಗೆ ಮರಳಿ ಬಾರದ, ಕಂಪನಿ ನಾಟಕಕ್ಕಿಂತ ತೀರ ಭಿನ್ನವಾದ ರಂಗಭೂಮಿಯನ್ನು ಕಟ್ಟಿದ ವ್ಯಕ್ತಿಗೆ ಮಾಡಿದ ಈ ವೆಚ್ಚ ಯಾವ ವ್ಯಾಪಾರ ನೀತಿಗೂ ಒಪ್ಪುವಂಥದ್ದಲ್ಲ. ಆದರೆ ಆಧುನಿಕ ಕನ್ನಡ ರಂಗಭೂಮಿ ಕಾರಂತರ ಮೂಲಕ ಪಡೆದ ಸಂಗೀತಪ್ರಜ್ಞೆಯಲ್ಲಿ ವೃತ್ತಿರಂಗದ ಧ್ವನಿ ಕೇಳಿಸುತ್ತದೆ. ವೃತ್ತಿ ಮತ್ತು ಹವ್ಯಾಸಿ ರಂಗಭೂಮಿಗಳ ನಡುವೆ ವಿಮರ್ಶೆ ಎಳೆದ ಗೆರೆ ಇಲ್ಲಿ ಮಾಸುತ್ತದೆ.

8

ವೀರಣ್ಣನವರಿಗೆ 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 1972ರಲ್ಲಿ ಪದ್ಮಶ್ರೀಯೂ ಸಂದವು. ಆ ವರ್ಷದ ಅಕ್ಟೋಬರ್ 18ರಂದು ಅವರು ನಿಧನರಾದರು. ಸಂತೆಯ ಊರಿನ ಬಾಲನಟನೊಬ್ಬ ಸಂಸ್ಥಾನದ ಕಾಲದಿಂದ ಗಣರಾಜ್ಯದ ಕಾಲದವರೆಗೆ ಒಂದೇ ಕಂಪನಿಯನ್ನು ನಡೆಸಿಕೊಂಡು ಬಂದ ದೀರ್ಘ ಪಯಣ ಅಲ್ಲಿಗೆ ಮುಗಿಯಿತು. ಅವರ ಮೊಮ್ಮಗಳಾದ ಬಿ. ಜಯಶ್ರೀಯವರ ಮೂಲಕ ಆ ಮನೆತನದ ರಂಗನಿಷ್ಠೆ ಹೊಸ ರಂಗಭೂಮಿಗೂ ಹರಿದುಬಂದಿತು. ರಾಜ್ಯ ಸರ್ಕಾರ ರಂಗಸಾಧಕರಿಗೆ ನೀಡುವ ಪ್ರಶಸ್ತಿಯೊಂದು ಅವರ ಹೆಸರಿನಲ್ಲಿದೆ. ಬೆಂಗಳೂರಿನ ಗಾಂಧಿನಗರದಲ್ಲಿ ಬಹುಕಾಲ ನಾಟಕಗಳು ನಡೆದ ಗುಬ್ಬಿ ಥಿಯೇಟರು ಇದ್ದುದು ಕನ್ನಡ ಚಿತ್ರೋದ್ಯಮದ ವಹಿವಾಟಿನ ಕೇಂದ್ರವಾಗಿ ಬೆಳೆದ ಪ್ರದೇಶದಲ್ಲಿಯೇ ಎಂಬುದು ಅವರ ಬದುಕಿನ ಎರಡು ಮುಖಗಳನ್ನೂ ಒಟ್ಟಿಗೆ ನೆನಪಿಸುತ್ತದೆ.

ವೀರಣ್ಣನವರ ಬದುಕಿನಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ವೃತ್ತಿರಂಗಭೂಮಿಯಲ್ಲಿ ವ್ಯವಹಾರ ಎಂಬುದು ಕಲೆಗೆ ಹೊರಗಿನಿಂದ ಅಂಟಿದ ಮಲಿನತೆಯಲ್ಲ. ನಾಟಕದ ವಸ್ತು, ಪಾತ್ರ, ಭಾಷೆ, ಹಾಸ್ಯಗಳನ್ನು ಒಳಗಿನಿಂದ ರೂಪಿಸಿದ ಶಕ್ತಿ. ಎರಡು, ಜನಸಂಪರ್ಕ ಅವರಲ್ಲಿ ಕೇವಲ ಪ್ರಚಾರವಾಗಿರದೆ ಅರಮನೆಯಿಂದ ನೆಲದ ಟಿಕೆಟ್ಟಿನವನವರೆಗೆ ಹಬ್ಬಿದ ನಂಬಿಕೆಯ ಜಾಲವಾಗಿತ್ತು. ಮೂರು, ಪೇಟೆಯನ್ನು ಅಷ್ಟು ಚೆನ್ನಾಗಿ ಬಲ್ಲವರಾಗಿದ್ದೂ ಅವರು ಪೇಟೆಯ ಕೊನೆಯ ತೀರ್ಪಿಗೆ ತಲೆಬಾಗಲಿಲ್ಲ. ಈ ಮೂರನ್ನೂ ಒಟ್ಟಿಗೆ ನೋಡಿದಾಗ ಕಾಯಕ ಎಂದು ಅವರು ಆರಿಸಿಕೊಂಡ ಪದ ಅಲಂಕಾರವಾಗಿ ಉಳಿಯದೆ ಅವರ ವ್ಯವಹಾರದ ವ್ಯಾಖ್ಯೆಯಾಗುತ್ತದೆ.

ಕನ್ನಡ ನಾಟಕ ಸಾಹಿತ್ಯದ ಅಧ್ಯಯನ ಬಹುಮಟ್ಟಿಗೆ ಅಚ್ಚಾದ ಕೃತಿಗಳನ್ನು ಅವಲಂಬಿಸಿದೆ. ಕಂಪನಿಯ ಕರಪತ್ರ, ಹಾಡಿನ ಪುಸ್ತಕ, ಖರ್ಚಿನ ಖಾತೆ, ನಟನಟಿಯರ ನೆನಪುಗಳು ಅದರ ಅಂಚಿನಲ್ಲಿಯೇ ಉಳಿದಿವೆ. ಹಳೆಯ ಕಾಗದಗಳು ರದ್ದಿಗೆ ಹೋಗುತ್ತಿವೆ. ಕಂಪನಿಯಲ್ಲಿ ದುಡಿದ ತಲೆಮಾರಿನವರು ಬಹುತೇಕ ಇಲ್ಲವಾಗಿದ್ದಾರೆ. ಯಾವ ನಾಟಕವನ್ನು ಯಾರು ಬರೆದರು ಎಂಬುದರ ಜೊತೆಗೆ ಅದಕ್ಕೆ ಯಾರು ಹಣ ಕೊಟ್ಟರು, ಯಾರು ಎಲ್ಲಿ ಕುಳಿತು ನೋಡಿದರು, ಅದರಿಂದ ಎಷ್ಟು ಮನೆಗಳ ಒಲೆ ಉರಿಯಿತು ಎಂಬುದನ್ನೂ ಕೇಳುವ ಚರಿತ್ರೆಯನ್ನು ಬರೆಯಬೇಕಾದರೆ ಈ ಆಕರಗಳ ಸಂಗ್ರಹ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಂದಲೇ ಆರಂಭವಾಗಬೇಕಾಗಿದೆ.